ಲೋಕಸಭೆ ವಿಸರ್ಜನೆ: ಬಹುಮತ ಹೋದ ಪ್ರಧಾನಿಯ ಸಲಹೆಯನ್ನು ರಾಷ್ಟ್ರಪತಿ ಕೇಳಲೇಬೇಕಾ?

ಉಡುಪಿಯಲ್ಲಿ ಕೆಪಿಎಸ್‌ಸಿ, ಯುಪಿಎಸ್‌ಸಿಗೆ ಓದುತ್ತಿರುವ ನಮ್ಮ ಗುಂಪಿಗೆ ಬರೆದ ಟಿಪ್ಪಣಿ ಇದು. ಅಜ್ಜರಕಾಡಿನ ಲೈಬ್ರರಿಯಲ್ಲಿ ಈ ವಿಷಯ ಬಂದಾಗೆಲ್ಲ ನಮ್ಮ ಸ್ವರ ಜೋರಾಗಿ, ಪೇಪರ್ ಓದುವ ಹಿರಿಯರು ಕನ್ನಡಕದ ಮೇಲಿಂದ ನೋಡುತ್ತಾರೆ. ಹಾಗಾಗಿ ಬರೆದೇ ಇಡುವುದು ಒಳ್ಳೆಯದು. ಲೋಕಸಭೆಗೆ ಐದು ವರ್ಷ, ರಾಜ್ಯಸಭೆಗೆ ವಿಸರ್ಜನೆ ಇಲ್ಲ, ಇವೆಲ್ಲ ಗೊತ್ತಿರುವ ಸಂಗತಿ. ಬಿಟ್ಟಿದ್ದೇನೆ.

ಸಲಹೆ, ಸಹಿ, ದಿನ

"ಲೋಕಸಭೆ ವಿಸರ್ಜಿಸುವವರು ಯಾರು?" ಎಂದರೆ ರಾಷ್ಟ್ರಪತಿ, 85(2)ನೇ ವಿಧಿ ಎಂದು ಬರೆದು ಮುಂದೆ ಹೋಗುತ್ತೇವೆ. ಪ್ರಿಲಿಮ್ಸ್‌ಗೆ ಅಷ್ಟು ಸಾಕು. ಮೇನ್ಸ್‌ನಲ್ಲಿ "ಈ ಅಧಿಕಾರ ಯಾರ ಕೈಯಲ್ಲಿ ಇರಬೇಕು?" ಎಂದು ಕೇಳಿದರೆ ಅದು ಸಾಲುವುದಿಲ್ಲ. ನಾನು ಮೂರು ಪದ ಇಟ್ಟುಕೊಂಡಿದ್ದೇನೆ: ಸಲಹೆ, ಸಹಿ, ದಿನ. ಸಲಹೆ ಕೊಡುವುದು ಪ್ರಧಾನಿ ಮತ್ತು ಮಂತ್ರಿಮಂಡಲ, 74ನೇ ವಿಧಿ. ಸಹಿ ರಾಷ್ಟ್ರಪತಿಯದ್ದು, 85. ಮತದಾನದ ದಿನ ಹೇಳುವುದು ಚುನಾವಣಾ ಆಯೋಗ, 324. ರಾಜ್ಯಕ್ಕೆ ಬಂದರೆ ಮುಖ್ಯಮಂತ್ರಿ, ರಾಜ್ಯಪಾಲ, ಮತ್ತೆ ಅದೇ ಆಯೋಗ. ಸಹಿಯ ವಿಧಿ 174.

ಅಧಿವೇಶನ ಮುಗಿಸುವುದೂ ಸಭೆ ವಿಸರ್ಜಿಸುವುದೂ ಒಂದೇ ಅಲ್ಲ. ಅಧಿವೇಶನ ಮುಗಿದರೆ ಎಂಪಿಗಳು ಎಂಪಿಗಳಾಗಿಯೇ ಇರುತ್ತಾರೆ. ವಿಸರ್ಜನೆ ಆದರೆ ಎಲ್ಲರೂ ಮನೆಗೆ. 2019ರ ಸೆಪ್ಟೆಂಬರ್ 24ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಪ್ರಧಾನಿ ಬೋರಿಸ್ ಜಾನ್ಸನ್ ವಿರುದ್ಧ ಒಮ್ಮತದ ತೀರ್ಪು ಕೊಟ್ಟದ್ದು ಮೊದಲನೆಯ ವಿಷಯಕ್ಕೆ, ಅಂದರೆ ಅಧಿವೇಶನ ಮುಗಿಸಿದ್ದಕ್ಕೆ. ಅದನ್ನು ತಂದು ವಿಸರ್ಜನೆಯ ಉತ್ತರದಲ್ಲಿ ಹಾಕಬೇಡಿ.

ತಲೆ ತಿನ್ನುವ ಹಂತ: 74ಕ್ಕೂ 75ಕ್ಕೂ ನಡುವೆ

ಇಲ್ಲಿ ಸ್ವಲ್ಪ ನಿಧಾನ ಹೋಗುತ್ತೇನೆ. ಗೊತ್ತಿದ್ದವರು ದಾಟಿ ಹೋಗಿ.

ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕು ಎಂಬುದು 1976ರ 42ನೇ ತಿದ್ದುಪಡಿಯಲ್ಲಿ 74(1)ಕ್ಕೆ ಸೇರಿತು. ಅದಕ್ಕೆ ಮೊದಲು ಸಂಪ್ರದಾಯವಾಗಿ ಇದ್ದದ್ದು ಬರಹಕ್ಕೆ ಬಂತು. ಆಮೇಲೆ 44ನೇ ತಿದ್ದುಪಡಿ ಒಂದು ಅವಕಾಶ ಕೊಟ್ಟಿತು: ಸಲಹೆಯನ್ನು ಒಮ್ಮೆ ವಾಪಸ್ ಕಳಿಸಿ "ಮತ್ತೆ ಯೋಚಿಸಿ" ಎನ್ನಬಹುದು. ಅದೇ ಸಲಹೆ ತಿರುಗಿ ಬಂದರೆ ಸಹಿ ಹಾಕಲೇಬೇಕು.

ಈಗ ಪ್ರಶ್ನೆ. 74ರಲ್ಲಿ "ಬಹುಮತ ಇರುವ ಮಂತ್ರಿಮಂಡಲ" ಎಂದು ಎಲ್ಲಿಯೂ ಇಲ್ಲ. ಬರೀ ಮಂತ್ರಿಮಂಡಲ. ಆದರೆ 75(3)ರಲ್ಲಿ ಮಂತ್ರಿಮಂಡಲ ಲೋಕಸಭೆಗೆ ಹೊಣೆ ಎಂದು ಉಂಟು. ಸಭೆಯ ವಿಶ್ವಾಸ ಕಳಕೊಂಡ ಪ್ರಧಾನಿ ರಾಷ್ಟ್ರಪತಿ ಭವನಕ್ಕೆ ಹೋಗಿ "ಸಭೆಯನ್ನೇ ವಿಸರ್ಜಿಸಿ" ಎಂದರೆ? 74 ಹೇಳುವುದು ಸಹಿ ಹಾಕು ಎಂದು. 75(3)ರ ಪ್ರಕಾರ ಆ ಮನುಷ್ಯನಿಗೆ ಹಾಗೆ ಕೇಳುವ ಹಕ್ಕೇ ಹೋಗಿದೆ. ನಮ್ಮ ಗುಂಪು ಇಬ್ಭಾಗ ಆದದ್ದು ಇಲ್ಲಿಯೇ. ಕಾಪುವಿನ ಗೆಳೆಯ "ಬರೆದದ್ದು ಬರೆದದ್ದೇ ಮಾರಾಯ, ಸಹಿ ಹಾಕಬೇಕು" ಎನ್ನುತ್ತಾನೆ. ಕುಂದಾಪುರದವಳು "ಹಾಗಾದ್ರೆ ಅವಿಶ್ವಾಸ ಗೊತ್ತುವಳಿಗೆ ಅರ್ಥ ಎಂತ?" ಎಂದು ತಿರುಗಿ ಕೇಳುತ್ತಾಳೆ.

ಬಿಡಿಸುವ ದಾರಿ ಹೀಗೆ. ರಾಷ್ಟ್ರಪತಿ ಒಪ್ಪಲಿಲ್ಲ ಎಂದು ಇಟ್ಟುಕೊಳ್ಳಿ. ಪ್ರಧಾನಿ ಏನು ಮಾಡುತ್ತಾರೆ? ರಾಜೀನಾಮೆ ಕೊಡುತ್ತಾರೆ, ಅಥವಾ ಸಭೆಯಲ್ಲಿ ಸೋತು ಇಳಿಯುತ್ತಾರೆ. ಆಗ ಹೊಸ ಪ್ರಧಾನಿಯನ್ನು ನೇಮಿಸಬೇಕು. ನೇಮಿಸುವುದು 75(1)ರಲ್ಲಿ, ಮತ್ತು ಆ ಕ್ಷಣದಲ್ಲಿ ಯಾರ ಸಲಹೆಯನ್ನೂ ಕೇಳಬೇಕಾಗಿಲ್ಲ. ಹೊಸ ಪ್ರಧಾನಿ ಬಂದು "ವಿಸರ್ಜನೆ ಬೇಡ, ನನಗೆ ಬಹುಮತ ಉಂಟು" ಎಂದರೆ ಈಗ ಇರುವ ಸಲಹೆ ಅದೇ. 74 ಮುರಿಯಲೇ ಇಲ್ಲ! ಇನ್ನೊಂದು ಬದಿ ನೋಡಿ: ಬದಲಿ ಪ್ರಧಾನಿ ಸಿಗದಿದ್ದರೆ? ಹಳಬರೇ ಹಂಗಾಮಿಯಾಗಿ ಮುಂದುವರಿಯುತ್ತಾರೆ, ಅವರ ಸಲಹೆಯೇ ಗತಿ, ಚುನಾವಣೆಗೆ ಹೋಗಲೇಬೇಕು.

ಅಂದರೆ ರಾಷ್ಟ್ರಪತಿಯ ನಿಜವಾದ ವಿವೇಚನೆ ಇರುವುದು 85ರಲ್ಲಿ ಅಲ್ಲ, 75ರಲ್ಲಿ. "ವಿಸರ್ಜಿಸಲಾ, ಬೇಡವಾ?" ಎಂಬ ಪ್ರಶ್ನೆ ಅವರ ಮೇಜಿನ ಮೇಲೆ "ಬೇರೆ ಯಾರಾದರೂ ಸರ್ಕಾರ ನಡೆಸಬಲ್ಲರಾ?" ಎಂದಾಗಿ ಬದಲಾಗುತ್ತದೆ. ಇದೊಂದು ಹಿಡಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ಮೂರು ಘಟನೆಗಳ ಮೇಲೆ ಇದನ್ನು ಹಾಕಿ ನೋಡೋಣ.

1979. ಮೊರಾರ್ಜಿ ದೇಸಾಯಿ ಜುಲೈಯಲ್ಲಿ ರಾಜೀನಾಮೆ ಕೊಟ್ಟರು. ಜುಲೈ 28ಕ್ಕೆ ಚರಣ್ ಸಿಂಗ್ ಪ್ರಮಾಣವಚನ. ಆಗಸ್ಟ್ 20ಕ್ಕೆ, ಲೋಕಸಭೆಯನ್ನು ಎದುರಿಸುವ ಮೊದಲೇ, ಅವರೂ ರಾಜೀನಾಮೆ ಕೊಟ್ಟು ವಿಸರ್ಜನೆಗೆ ಸಲಹೆ ಮಾಡಿದರು. ಪ್ರಧಾನಿಯಾಗಿ ಒಂದು ದಿನವೂ ಸಭೆ ಎದುರಿಸದವರ ಸಲಹೆ ಅದು. ಅತ್ತ ಜನತಾ ಪಕ್ಷದ ನಾಯಕ ಜಗಜೀವನ್ ರಾಮ್ ತಮಗೆ ಅವಕಾಶ ಕೊಡಿ ಎನ್ನುತ್ತಿದ್ದರು. ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿ ಆಗಸ್ಟ್ 22ಕ್ಕೆ ಸಭೆ ವಿಸರ್ಜಿಸಿದರು. 44ನೇ ತಿದ್ದುಪಡಿಯ ಮರುಪರಿಶೀಲನೆಯ ಅವಕಾಶ ಅದೇ ವರ್ಷ ಜೂನ್ 20ಕ್ಕೆ ಜಾರಿಗೆ ಬಂದಿತ್ತು. ನನ್ನ ಮಟ್ಟಿಗೆ ಇಲ್ಲಿ 75ರ ಪ್ರಶ್ನೆಯನ್ನು ಪೂರ್ತಿ ಕೇಳಲೇ ಇಲ್ಲ. ಜಗಜೀವನ್ ರಾಮ್ ಸೋಲುತ್ತಿದ್ದರೋ ಗೆಲ್ಲುತ್ತಿದ್ದರೋ, ಅದು ಸಭೆಯಲ್ಲಿ ತೀರ್ಮಾನ ಆಗಬೇಕಿತ್ತು.

1991. ಚಂದ್ರಶೇಖರ್ ಮಾರ್ಚ್ 6ಕ್ಕೆ ರಾಜೀನಾಮೆ ಕೊಟ್ಟರು. ಸರ್ಕಾರ ರಚಿಸಲು ಬೇರೆ ಯಾರೂ ಮುಂದೆ ಬರಲಿಲ್ಲ. ಆರ್. ವೆಂಕಟರಾಮನ್ ಮಾರ್ಚ್ 13ಕ್ಕೆ ವಿಸರ್ಜಿಸಿದರು. ಇದರಲ್ಲಿ ತಕರಾರಿಗೆ ಜಾಗ ಕಮ್ಮಿ.

1999. ಏಪ್ರಿಲ್ 17ಕ್ಕೆ ವಾಜಪೇಯಿ ಸರ್ಕಾರ ಒಂದೇ ಒಂದು ಮತದಿಂದ ಬಿತ್ತು, 269ಕ್ಕೆ 270. ಕೆ.ಆರ್. ನಾರಾಯಣನ್ ತಕ್ಷಣ ಸಭೆ ವಿಸರ್ಜಿಸಲಿಲ್ಲ. ವಿರೋಧ ಪಕ್ಷಗಳಿಗೆ ಸಮಯ ಕೊಟ್ಟರು. ಸೋನಿಯಾ ಗಾಂಧಿ 272ರ ಬೆಂಬಲ ಇದೆ ಎಂದರು, ಅದು ಕೂಡಿ ಬರಲಿಲ್ಲ. ಏಪ್ರಿಲ್ 26ಕ್ಕೆ ವಿಸರ್ಜನೆ. ನನ್ನ ಪ್ರಕಾರ ಮೂರರಲ್ಲಿ ಪಾಠದಂತೆ ನಡೆದದ್ದು ಇದು. ಚುನಾವಣೆ ಮಾತ್ರ ಸೆಪ್ಟೆಂಬರ್-ಅಕ್ಟೋಬರ್‌ಗೆ ಹೋಯಿತು, ನಡುವೆ ಕಾರ್ಗಿಲ್ ಯುದ್ಧ ನಡೆದದ್ದೇ ಹಂಗಾಮಿ ಸರ್ಕಾರದ ಕೈಯಲ್ಲಿ. ಉಡುಪಿಯಲ್ಲಿ 1998ರಲ್ಲಿ ಗೆದ್ದ ಬಿಜೆಪಿಯ ಐ.ಎಂ. ಜಯರಾಮ ಶೆಟ್ಟರ ಜಾಗಕ್ಕೆ ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿನಯಕುಮಾರ್ ಸೊರಕೆ ಬಂದರು. ಐದು ವರ್ಷಕ್ಕೆ ಕಳಿಸಿದವರನ್ನು ಎರಡು ವರ್ಷದೊಳಗೆ ಮತ್ತೆ ಆರಿಸುವ ಕೆಲಸ ನಮ್ಮ ಊರಿಗೂ ಬಂತು.

ಸಭೆ ಇಲ್ಲದ ಮೇಲೆ ಹೊಣೆಗಾರಿಕೆ ಯಾರಿಗೆ, ಮಂತ್ರಿಮಂಡಲ ಹೇಗೆ ಉಳಿಯುತ್ತದೆ ಎಂದು ಕೇಳುವವರಿಗೆ ಯು.ಎನ್.ಆರ್. ರಾವ್ ಮೊಕದ್ದಮೆ ಉಂಟು. ಇಂದಿರಾ ಗಾಂಧಿಯವರ ಸಲಹೆಯಂತೆ 1970ರ ಡಿಸೆಂಬರ್ 27ಕ್ಕೆ ಲೋಕಸಭೆ ವಿಸರ್ಜನೆ ಆಯಿತು, ಅವಧಿಗೆ ಮೊದಲೇ ಹೀಗಾದದ್ದು ಅದೇ ಮೊದಲು. ಸಭೆಯೇ ಇಲ್ಲದಾಗ ಅವರು ಪ್ರಧಾನಿಯಾಗಿ ಇರಬಾರದು ಎಂಬ ವಾದವನ್ನು 1971ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ರಾಷ್ಟ್ರಪತಿಗೆ ಸಲಹೆ ಕೊಡಲು ಮಂತ್ರಿಮಂಡಲ ಯಾವಾಗಲೂ ಇರಲೇಬೇಕು ಎಂದಿತು.

ದಿನದ ಗೊಂದಲ

85(1) ಮತ್ತು 174(1)ರಲ್ಲಿ ಎರಡು ಅಧಿವೇಶನಗಳ ನಡುವೆ ಆರು ತಿಂಗಳು ದಾಟಬಾರದು ಎಂದಿದೆ. ಹಾಗಾದರೆ ವಿಸರ್ಜನೆ ಆದ ಮೇಲೂ, ಹಿಂದಿನ ಅಧಿವೇಶನದ ಕೊನೆಯ ದಿನದಿಂದ ಆರು ತಿಂಗಳೊಳಗೆ ಹೊಸ ಸಭೆ ಸೇರಬೇಕಾ? 2002ರಲ್ಲಿ ಗುಜರಾತ್ ವಿಧಾನಸಭೆ ಜುಲೈಯಲ್ಲಿ ವಿಸರ್ಜನೆ ಆದಾಗ ಇದೇ ಜಗಳ. ರಾಷ್ಟ್ರಪತಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಉತ್ತರ: ಆ ಆರು ತಿಂಗಳು ಜೀವ ಇರುವ ಸಭೆಗೆ ಮಾತ್ರ. ವಿಸರ್ಜನೆ ಆದ ಸಭೆಗೆ ಅಲ್ಲ. ವೇಳಾಪಟ್ಟಿ ಆಯೋಗದ್ದೇ ಕೆಲಸ, ಆದರೆ ಸುಮ್ನೆ ಎಳೆಯುವ ಹಾಗಿಲ್ಲ. ಚುನಾವಣೆ ಡಿಸೆಂಬರಿನಲ್ಲಿ ನಡೆಯಿತು.

ಹಾಗಾದರೆ ಯಾರ ಕೈಯಲ್ಲಿ ಇರಬೇಕು?

ಪ್ರಧಾನಿಯ ಕೈಯಲ್ಲಿ ಪೂರ್ತಿ ಬಿಟ್ಟರೆ, ಕಂಬಳದಲ್ಲಿ ಕೋಣ ಓಡಿಸುವವನೇ ಓಟ ಯಾವಾಗ ಶುರು ಎಂದು ಹೇಳಿದ ಹಾಗೆ. ತನ್ನ ಕೋಣ ಹುರುಪಿನಲ್ಲಿ ಇರುವಾಗ ಬಿಡುತ್ತಾನೆ. ಆದರೆ ಈ ಲಾಭ ನಾವು ಅಂದುಕೊಂಡಷ್ಟು ಗ್ಯಾರಂಟಿ ಅಲ್ಲ. ರಾಮಕೃಷ್ಣ ಹೆಗಡೆ 1984ರ ಲೋಕಸಭಾ ಸೋಲಿನ ನಂತರ ತಾವಾಗಿ ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು, 1985ರಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನ. 2004ರಲ್ಲಿ ಎಸ್.ಎಂ. ಕೃಷ್ಣ ಅವಧಿಗೆ ಮೊದಲೇ ವಿಧಾನಸಭೆ ವಿಸರ್ಜಿಸಿ ಲೋಕಸಭೆಯ ಜೊತೆಗೆ ಚುನಾವಣೆ ಮಾಡಿಸಿದರು. ಅತಂತ್ರ ಸಭೆ ಬಂತು, ಮುಖ್ಯಮಂತ್ರಿ ಆದದ್ದು ಧರ್ಮಸಿಂಗ್. ಅದೇ ವರ್ಷ ವಾಜಪೇಯಿ ಕೂಡ ಮೊದಲೇ ಹೋಗಿ ಸೋತರು.

ಪ್ರಧಾನಿಯ ಕೈಯಿಂದ ಕಿತ್ತುಕೊಂಡು ನೋಡಿದ್ದು ಬ್ರಿಟನ್. 2011ರ ಕಾನೂನಿನಲ್ಲಿ ಅವಧಿ ಐದು ವರ್ಷಕ್ಕೆ ನಿಗದಿ. ಮೊದಲೇ ಚುನಾವಣೆ ಬೇಕಾದರೆ ಕೆಳಮನೆಯ ಒಟ್ಟು ಸ್ಥಾನಗಳ ಮೂರನೇ ಎರಡು, ಅಂದರೆ 650ರಲ್ಲಿ 434. 2017ರಲ್ಲಿ ತೆರೇಸಾ ಮೇ ಕೇಳಿದರು, ವಿರೋಧ ಪಕ್ಷವೂ ಕೈ ಎತ್ತಿತು, ಆಗಿಹೋಯಿತು. 2019ರಲ್ಲಿ ಜಾನ್ಸನ್ ಮೂರು ಸಲ ಕೇಳಿದರು, ಸಿಗಲಿಲ್ಲ. ಸರ್ಕಾರಕ್ಕೆ ಬಹುಮತ ಇಲ್ಲ, ಚುನಾವಣೆಯೂ ಇಲ್ಲ. ಕೊನೆಗೆ "ಈ ಸಲ ಡಿಸೆಂಬರ್ 12ಕ್ಕೆ ಚುನಾವಣೆ" ಎಂದು ಬೇರೆಯೇ ಕಾನೂನು ತಂದು ಸಾದಾ ಬಹುಮತದಲ್ಲಿ ಪಾಸ್ ಮಾಡಿದರು. ಸಾದಾ ಬಹುಮತದಲ್ಲಿ ದಾಟಬಹುದಾದ ಬೇಲಿಯನ್ನು ಮೂರನೇ ಎರಡು ಎತ್ತರ ಕಟ್ಟಿದ್ದು ಯಾಕೋ! 2022ರಲ್ಲಿ ಆ 2011ರ ಕಾನೂನನ್ನು ರದ್ದು ಮಾಡಿ ಹಳೆಯ ಪದ್ಧತಿಗೆ ಮರಳಿದರು.

ನಾರ್ವೆಯಲ್ಲಿ ನಾಲ್ಕು ವರ್ಷದ ಮೊದಲು ಸಂಸತ್ತನ್ನು ವಿಸರ್ಜಿಸಲು ಯಾರಿಗೂ ಆಗುವುದಿಲ್ಲ. ಜರ್ಮನಿಯಲ್ಲಿ ಚಾನ್ಸೆಲರ್ ಮೊದಲು ವಿಶ್ವಾಸಮತ ಕೇಳಿ ಸೋಲಬೇಕು, ಆಮೇಲೆ ಅಧ್ಯಕ್ಷರು ನಿರ್ಧರಿಸುತ್ತಾರೆ. 2024ರ ಡಿಸೆಂಬರಿನಲ್ಲಿ ಶೋಲ್ಜ್ ಹಾಗೆಯೇ ಸೋತು 2025ರ ಫೆಬ್ರವರಿ 23ಕ್ಕೆ ಚುನಾವಣೆ ಆಯಿತು.

ನಮ್ಮ 75ರ ಪ್ರಶ್ನೆಗೆ ಜಾಸ್ತಿ ಉಪಯೋಗ ಆಗುವ ಎರಡು ದೇಶ ಬೇರೆ. ಒಂದು ಐರ್ಲೆಂಡ್. 1937ರ ಅವರ ಸಂವಿಧಾನದ 13ನೇ ವಿಧಿಯಲ್ಲಿ, ಬಹುಮತದ ಬೆಂಬಲ ಕಳಕೊಂಡ ಪ್ರಧಾನಿ ಕೇಳಿದರೆ ಅಧ್ಯಕ್ಷರು ತಮ್ಮ ವಿವೇಚನೆಯಿಂದ ಇಲ್ಲ ಎನ್ನಬಹುದು ಎಂದು ಸ್ಪಷ್ಟವಾಗಿ ಬರೆದಿದೆ. ರಾಜ್ಯ ನೀತಿಯ ನಿರ್ದೇಶಕ ತತ್ವಗಳನ್ನು ಅಲ್ಲಿಂದ ತಂದೆವು. ಸಂವಿಧಾನ ಸಲಹೆಗಾರರಾಗಿದ್ದ ನಮ್ಮ ಕಡೆಯ ಬೆನಗಲ್ ನರಸಿಂಗ ರಾವ್ 1947ರಲ್ಲಿ ಡಬ್ಲಿನ್‌ಗೂ ಹೋಗಿ ಬಂದಿದ್ದರು. ಈ ವಾಕ್ಯ ಮಾತ್ರ ನಮ್ಮ ಸಂವಿಧಾನಕ್ಕೆ ಬರಲಿಲ್ಲ.

ಇನ್ನೊಂದು ಪಾಕಿಸ್ತಾನ. ಅವಿಶ್ವಾಸ ಗೊತ್ತುವಳಿಯ ನೋಟಿಸ್ ಬಿದ್ದ ಪ್ರಧಾನಿ ವಿಸರ್ಜನೆಗೆ ಸಲಹೆ ಕೊಡುವ ಹಾಗಿಲ್ಲ ಎಂದು ಅವರ 58ನೇ ವಿಧಿ ಹೇಳುತ್ತದೆ. 2022ರ ಏಪ್ರಿಲ್ 3ಕ್ಕೆ ಡೆಪ್ಯುಟಿ ಸ್ಪೀಕರ್ ಗೊತ್ತುವಳಿಯನ್ನೇ ತಳ್ಳಿಹಾಕಿದರು, ಇಮ್ರಾನ್ ಖಾನ್ ಸಲಹೆ ಕೊಟ್ಟರು, ಅದೇ ದಿನ ಸಭೆ ವಿಸರ್ಜನೆ ಆಯಿತು. ಏಪ್ರಿಲ್ 7ಕ್ಕೆ ಸುಪ್ರೀಂ ಕೋರ್ಟ್ ಸಭೆಯನ್ನು ಮರಳಿ ತಂದಿತು. ನೇಪಾಳದ ಕೋರ್ಟ್ 2021ರಲ್ಲಿ ಓಲಿ ಸರ್ಕಾರ ಮಾಡಿಸಿದ ವಿಸರ್ಜನೆಯನ್ನು ಎರಡು ಸಲ ರದ್ದು ಮಾಡಿತು. ಶ್ರೀಲಂಕಾದ್ದು 2018ರಲ್ಲಿ ಅಧ್ಯಕ್ಷ ಸಿರಿಸೇನ ಮಾಡಿದ್ದನ್ನು.

ನನ್ನ ಉತ್ತರ ಹೀಗೆ ಬರೆಯುತ್ತೇನೆ: ಬಹುಮತ ಇರುವ ಪ್ರಧಾನಿಯ ಕೈಯಲ್ಲಿಯೇ ಇರಲಿ. ನೋಟಿಸ್ ಬಿದ್ದ ಕೂಡಲೇ ಪಾಕಿಸ್ತಾನದ ನಿಯಮ, ಮತ ಸೋತ ಮೇಲೆ ಐರ್ಲೆಂಡಿನ ನಿಯಮ. ಎರಡನ್ನೂ ಬರಹದಲ್ಲಿಯೇ ಇಡಬೇಕು. ರಾಷ್ಟ್ರಪತಿ ಒಳ್ಳೆಯವರಾಗಿದ್ದರೆ ಸರಿ ಹೋಗುತ್ತದೆ ಎಂಬುದು ವ್ಯವಸ್ಥೆ ಅಲ್ಲ.

ರಾಜ್ಯಪಾಲರ ಬಗ್ಗೆ ಎರಡೇ ಮಾತು

ರಾಜ್ಯದಲ್ಲಿ 356ನೇ ವಿಧಿ, ಅಂದರೆ ರಾಷ್ಟ್ರಪತಿ ಆಳ್ವಿಕೆ, ಸೇರಿಕೊಳ್ಳುವುದರಿಂದ ಲೆಕ್ಕ ಬೇರೆ. ನಮ್ಮ ಎಸ್.ಆರ್. ಬೊಮ್ಮಾಯಿ ಸರ್ಕಾರ 1989ರಲ್ಲಿ ಹಾಗೆಯೇ ಹೋಯಿತು. ಆ ಬಗ್ಗೆ ಸುಪ್ರೀಂ ಕೋರ್ಟಿನ 1994ರ ತೀರ್ಪಿನಲ್ಲಿ ಎರಡು ಅಂಶ: ಬಹುಮತ ಇದೆಯೋ ಇಲ್ಲವೋ ಸದನದಲ್ಲಿಯೇ ಗೊತ್ತಾಗಬೇಕು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಗೆ ಸಂಸತ್ತು ಒಪ್ಪುವ ಮೊದಲು ವಿಧಾನಸಭೆ ವಿಸರ್ಜಿಸಬಾರದು, ಬರೀ ಅಮಾನತಿನಲ್ಲಿ ಇಡಬೇಕು. 2005ರಲ್ಲಿ ಬಿಹಾರದಲ್ಲಿ ಒಮ್ಮೆಯೂ ಸೇರದ ಸಭೆಯನ್ನು ವಿಸರ್ಜಿಸಿದ್ದನ್ನು ಕೋರ್ಟ್ ತಪ್ಪು ಎಂದಿತು, ಆದರೆ ಆ ಸಭೆಯನ್ನು ಮರಳಿ ತರಲಿಲ್ಲ.

129ನೇ ತಿದ್ದುಪಡಿ ಮಸೂದೆ ಓದುವಾಗ

2024ರ ಡಿಸೆಂಬರ್ 17ಕ್ಕೆ ಮಂಡನೆ ಆದ "ಒಂದು ದೇಶ, ಒಂದು ಚುನಾವಣೆ" ಮಸೂದೆಯನ್ನು ಎಲ್ಲರೂ ಖರ್ಚಿನ ಲೆಕ್ಕದಲ್ಲಿ ಓದುತ್ತಾರೆ. ನಮ್ಮ ವಿಷಯಕ್ಕೆ ಬೇಕಾದ್ದು ಇನ್ನೊಂದು ಕಡೆ ಉಂಟು. ಅವಧಿಗೆ ಮೊದಲೇ ಸಭೆ ವಿಸರ್ಜನೆ ಆದರೆ, ಹೊಸ ಸಭೆಗೆ ಸಿಗುವುದು ಹಳೆಯದರ ಉಳಿದ ಅವಧಿ ಮಾತ್ರ. ಮೂರು ವರ್ಷಕ್ಕೆ ವಿಸರ್ಜಿಸಿದರೆ ಗೆದ್ದವರಿಗೆ ಎರಡೇ ವರ್ಷ. ವಿಸರ್ಜನೆಯ ಅಧಿಕಾರವನ್ನು ಯಾರ ಕೈಯಿಂದಲೂ ತೆಗೆಯಲಿಲ್ಲ, ಆದರೆ ಅದನ್ನು ಬಳಸುವ ಆಸೆಗೆ ಕತ್ತರಿ ಹಾಕಿದರು. ಗಾಳಿ ಕಂಡು ಚುನಾವಣೆಗೆ ಹೋಗುವವರಿಗೆ ಇದು ಸರಿಯಾದ ಮದ್ದು. ಆದರೆ 1999ರಂತೆ ಒಂದು ಮತಕ್ಕೆ ಸರ್ಕಾರ ಬಿದ್ದು, ಬದಲಿ ಯಾರೂ ಸಿಗದೆ, ಉಳಿದದ್ದು ಎಂಟು ತಿಂಗಳು ಎಂದಾದರೆ? ಎಂಟು ತಿಂಗಳ ಸಭೆಗಾಗಿ ಇಡೀ ದೇಶ ಮತ ಹಾಕಬೇಕಾ, ಇಲ್ಲ ಹಂಗಾಮಿ ಸರ್ಕಾರವನ್ನೇ ಅಷ್ಟು ದಿನ ಇಟ್ಟುಕೊಳ್ಳಬೇಕಾ? ಮುಂದಿನ ಸಲ ಲೈಬ್ರರಿಯಲ್ಲಿ ಇದನ್ನೇ ತೆಗೆದುಕೊಳ್ಳೋಣ. ಕಾಪುವಿನವನು ಮಸೂದೆಯ ಪರ, ಕುಂದಾಪುರದವಳು ವಿರೋಧ. ನಾನು ಬರೆದುಕೊಳ್ಳುತ್ತೇನೆ.