ಪದ ಪರಿಚಯ: ವಾಯುದೂರ

ವಿರಾಜಪೇಟೆಯಿಂದ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣಕ್ಕೆ ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ಅಳೆದರೆ ಸುಮಾರು 40 ಕಿಲೋಮೀಟರ್ ಸಿಗುತ್ತದೆ. ಮಾಕುಟ್ಟ ಘಾಟಿಯ ತಿರುವುಗಳನ್ನು ಇಳಿದು ಇರಿಟ್ಟಿ ದಾಟಿ ಹೋದ ಕಾರಿನ ಮೀಟರು ಮಾತ್ರ 60ರ ಹತ್ತಿರ ತೋರಿಸುತ್ತದೆ. ಮೊದಲನೆಯದು ವಾಯುದೂರ, ಎರಡನೆಯದು ರಸ್ತೆಯ ದೂರ.

ಹತ್ತಿರದ ಊರುಗಳಿಗೆ ಈ ಅಡಿಪಟ್ಟಿಯ ಲೆಕ್ಕ ಸಾಕು. ಆದರೆ ಖಂಡಾಂತರದ ನಗರಗಳಿಗೆ ಅದು ಕೈಕೊಡುತ್ತದೆ, ಏಕೆಂದರೆ ಭೂಮಿ ಗೋಳ, ನಕ್ಷೆ ಚಪ್ಪಟೆ. ಗೋಳದ ಮೇಲಿನ ಎರಡು ಬಿಂದುಗಳ ನಡುವಿನ ಅತಿ ಸಣ್ಣ ದಾರಿಯು, ಗೋಳವನ್ನು ಸರಿಯಾಗಿ ಎರಡು ಹೋಳು ಮಾಡುವ ಮಹಾವೃತ್ತದ ಒಂದು ತುಂಡಾಗಿರುತ್ತದೆ. ವಿಮಾನಯಾನದಲ್ಲಿ ವಾಯುದೂರವೆಂದರೆ ಆ ತುಂಡಿನ ಉದ್ದ. ಶಾಲೆಯ ಗ್ಲೋಬಿನ ಮೇಲೆ ಒಂದು ದಾರದ ತುದಿಯನ್ನು ಬೆಂಗಳೂರಿನಲ್ಲೂ ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಒತ್ತಿ ಹಿಡಿದು ಬಿಗಿಯಾಗಿ ಎಳೆದು ನೋಡಿ: ಪೆಸಿಫಿಕ್ ಸಾಗರದ ನಡುವೆ ಹಾಯ್ದು ಹೋಗಬೇಕೆಂದು ನಾವು ಎಣಿಸಿದ್ದ ದಾರ ಮೇಲಕ್ಕೆ ಜಾರಿ, ಚೀನಾ ದಾಟಿ, ಸೈಬೀರಿಯಾವನ್ನು ಹಾಯ್ದು, ಅಲಾಸ್ಕಾದ ಮೇಲೆ ಹಾದು ಇಳಿಯುತ್ತದೆ. ಆ ದಾರದ ಉದ್ದ ಸುಮಾರು 14,000 ಕಿಲೋಮೀಟರ್. ಪೈಲಟ್‌ಗಳು ಇದನ್ನು ನಾಟಿಕಲ್ ಮೈಲಿಯಲ್ಲಿ ಹೇಳುತ್ತಾರೆ. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್.

ಹಾಗೆಂದು ವಿಮಾನ ಆ ದಾರದ ಮೇಲೆಯೇ ಹಾರಬೇಕೆಂದಿಲ್ಲ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗಿದ್ದರೆ, ಬಳಸಿ ಹೋಗುವ ಉದ್ದನೆಯ ದಾರಿಯೇ ಬೇಗ ಮುಗಿಯಬಹುದು. ಮುಚ್ಚಿದ ವಾಯುಪ್ರದೇಶಗಳೂ ದಾರಿ ತಪ್ಪಿಸುತ್ತವೆ. ಆದ್ದರಿಂದ ವಾಯುದೂರವನ್ನು ಗಂಟೆಗೆ 900 ಕಿಲೋಮೀಟರಿನಿಂದ ಭಾಗಿಸಿ ಬರುವ ಹದಿನೈದೂವರೆ ಗಂಟೆಯನ್ನು ನಂಬಿ ಕೂರುವಂತಿಲ್ಲ. ಟಿಕೆಟ್ಟಿನಲ್ಲಿ ನಮೂದಾಗುವ ಅವಧಿಯನ್ನು ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ, ಇಳಿದು ಮತ್ತೆ ನಿಲ್ಲುವ ತನಕ ಎಣಿಸುತ್ತಾರೆ. ರನ್‌ವೇಗೆ ಸಾಲು ಹಿಡಿದು ಕಾಯುವುದೂ ಅದರಲ್ಲೇ ಸೇರಿದೆ.

ಹೆಚ್ಚಿನವರು ಎಡವುವುದು ಮಾತ್ರ ದಿನಾಂಕದಲ್ಲಿ. ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ಆರಂಭಿಸಿದ ಮೊದಲ ನೇರ ವಿಮಾನ, ಮಹಿಳಾ ಪೈಲಟ್‌ಗಳ ತಂಡದೊಂದಿಗೆ, 2021ರ ಜನವರಿ 9ರ ರಾತ್ರಿ ಎಂಟೂವರೆಯ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು, ಉತ್ತರ ಧ್ರುವದ ದಾರಿಯಾಗಿ ಬಂದು, 11ರ ನಸುಕಿನ ಮೂರು ಗಂಟೆ ಕಳೆದ ಮೇಲೆ ಬೆಂಗಳೂರಿನಲ್ಲಿ ಇಳಿಯಿತು. ಗಡಿಯಾರ ನೋಡಿದರೆ ಮೂವತ್ತು ಗಂಟೆಗೂ ಮೇಲಾಯಿತು. ಜನವರಿಯಲ್ಲಿ ನಮ್ಮ ಸಮಯ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದನ್ನು ಕಳೆದರೆ ಉಳಿಯುವುದು ಸುಮಾರು 17 ಗಂಟೆ.

ಮಗಳು ಅಮೆರಿಕದಿಂದ ಬರುವ ದಿನ ಅಕ್ಕಿ ರೊಟ್ಟಿ ತಟ್ಟಲು ಹೊರಟ ಮಡಿಕೇರಿಯ ತಾಯಿ ಇದರ ಮೇಲೆ ಬೆಂಗಳೂರಿನಿಂದ ಊರಿಗಿರುವ ಐದಾರು ಗಂಟೆಯ ರಸ್ತೆಯನ್ನೂ ಸೇರಿಸಿಕೊಳ್ಳಬೇಕು.