ಮಕ್ಕಳ ಕ್ಯಾನ್ಸರ್ ವಾರ್ಡಿನ ಸಿಸ್ಟರನ್ನು ಬೇರೆ ವಾರ್ಡಿಗೆ ಹಾಕಿದಾಗ

ಕಿಮೋ ಕೊಡುವುದರಲ್ಲಿ ಎರಡು ವರ್ಷ ಪಳಗಿದ ನರ್ಸೊಬ್ಬರನ್ನು ಒಂದು ಸೋಮವಾರ ಹೆರಿಗೆ ವಾರ್ಡಿಗೋ ಮೂಳೆ ವಿಭಾಗಕ್ಕೋ ಹಾಕುವುದು ಆಸ್ಪತ್ರೆಗಳಲ್ಲಿ ಹೊಸದಲ್ಲ. ಎಲ್ಲರಿಗೂ ಎಲ್ಲ ಕೆಲಸ ಬರಬೇಕು, ರಜೆ ಬಿದ್ದ ಕಡೆ ಜನ ಸಿಗಬೇಕು ಎಂಬುದು ಅದರ ಹಿಂದಿನ ಲೆಕ್ಕ. ಮಕ್ಕಳ ಕ್ಯಾನ್ಸರಿನಲ್ಲಿ ಆ ಲೆಕ್ಕ ಏಕೆ ಕೂಡಿಬರುವುದಿಲ್ಲ ಎಂಬುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು.

1947ರ ಕೊನೆಯಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರಿನ ಮಕ್ಕಳಿಗೆ ಅಮಿನೋಪ್ಟರಿನ್ ಎಂಬ ಔಷಧಿ ಕೊಟ್ಟಾಗ ರೋಗ ಕೆಲ ತಿಂಗಳು ಹಿಂದೆ ಸರಿಯಿತು, ಮತ್ತೆ ಮರಳಿತು. 1960ರ ದಶಕದ ಕೊನೆಗೆ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆ ಹಲವು ಔಷಧಿಗಳನ್ನು ಕೂಡಿಸಿ ಅರ್ಧದಷ್ಟು ಮಕ್ಕಳನ್ನು ಉಳಿಸಿಕೊಂಡಿತು. ಇಂದು ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಈ ಔಷಧಿಗಳು ಬರುವವರೆಗೆ ಹಾಸಿಗೆಯ ಪಕ್ಕ ಕೂತು ನೋವು ತಗ್ಗಿಸುತ್ತಿದ್ದ ನರ್ಸ್, ಈಗ ವಿಷದಂಥ ಔಷಧಿಯನ್ನು ಅಳತೆ ತಪ್ಪದಂತೆ ಮಗುವಿನ ಮೈಗೆ ಇಳಿಸಬೇಕಾಯಿತು.

ವಿನ್‌ಕ್ರಿಸ್ಟಿನ್ ಒಂದನ್ನೇ ನೋಡಿ. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬರುವ ಔಷಧಿ ಅದು. ರಕ್ತನಾಳದೊಳಗೆ ಹೋದರೆ ಮದ್ದು, ಹೊರಗೆ ಸೋರಿದರೆ ಚರ್ಮ, ಮಾಂಸ ಸುಟ್ಟಂತೆ ಹುಣ್ಣಾಗುತ್ತದೆ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಕೊಟ್ಟರೆ ಜೀವವೇ ಹೋಗುತ್ತದೆ. ಅದಕ್ಕೇ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇದನ್ನು ಸಿರಿಂಜಿನಲ್ಲಿ ತುಂಬಬೇಡಿ, ಸಣ್ಣ ಡ್ರಿಪ್ ಚೀಲದಲ್ಲಿ ಬೆರೆಸಿ ಕೊಡಿ ಎಂದು ಎಚ್ಚರಿಸಿತು. ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ. ಆದರೆ ಸೂಜಿ ರಕ್ತನಾಳದಲ್ಲೇ ಇದೆಯೇ ಎಂದು ತಿಳಿಯಲು ಔಷಧಿ ಬಿಡುವ ಮುಂಚೆ ರಕ್ತ ಹಿಂದಕ್ಕೆ ಬರುತ್ತದೆಯೇ ಎಂದು ನೋಡುವುದು, ಮೂರು ವರ್ಷದ ಮಗು ಕೈ ಎಳೆದುಕೊಂಡಾಗ ಅದು ಹಟವೋ ಉರಿಯೋ ಎಂದು ತಿಳಿಯುವುದು ಸುತ್ತೋಲೆಯಿಂದ ಬರುವ ವಿದ್ಯೆಯಲ್ಲ.

ಜ್ವರದ್ದೂ ಅಷ್ಟೇ. ಕಿಮೋದಿಂದಾಗಿ ಸೋಂಕು ತಡೆಯುವ ಬಿಳಿ ರಕ್ತಕಣ ಇಳಿದಿರುವಾಗ 100.4 ಡಿಗ್ರಿ ಜ್ವರ ಬಂದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಹೋಗಬೇಕು. ಮಾಮೂಲಿ ಮಕ್ಕಳ ವಾರ್ಡಿನಿಂದ ನೆನ್ನೆ ಬಂದವರಿಗೆ ಅದು ಪ್ಯಾರಾಸಿಟಮಾಲ್ ಕೊಟ್ಟು ಕಾಯುವ ಜ್ವರದಂತೆಯೇ ಕಂಡರೆ ಅವರ ತಪ್ಪಲ್ಲ. ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಮನೆಯವರ ಜೊತೆ ಸಂಪರ್ಕ ಉಳಿಸಿಕೊಳ್ಳುವ ಇನ್ನೊಂದು ಕೆಲಸವಂತೂ ಯಾವ ರಿಜಿಸ್ಟರಿನಲ್ಲೂ ಕಾಣುವುದಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತ ಕ್ಯಾನ್ಸರಿನ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ, ಅದರ ಬಹುಭಾಗ ಮನೆಯಲ್ಲೇ. 1973ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಿದ್ವಾಯಿ ಸಂಸ್ಥೆಗೆ ರಾಯಚೂರು, ಕಲಬುರಗಿ ಕಡೆಯಿಂದಲೂ ರಾತ್ರಿಯಿಡೀ ಪ್ರಯಾಣ ಮಾಡಿ ಬರುವವರಿದ್ದಾರೆ. ಕೂದಲು ಮತ್ತೆ ಬೆಳೆದು ಮಗು ಆಡತೊಡಗಿದರೆ ವಾಸಿಯಾಯಿತೆಂದು ಅನ್ನಿಸುತ್ತದೆ. ಅಪ್ಪನಿಗೆ ಕೂಲಿ ತಪ್ಪುತ್ತಿರುತ್ತದೆ. ಹಾಗಾಗಿ ಕೆಲವರು ಬರುವುದನ್ನೇ ನಿಲ್ಲಿಸುತ್ತಾರೆ. ಫೈಲಿನಲ್ಲಿ ಇಂಥವರು ‘ಚಿಕಿತ್ಸೆ ಅರ್ಧಕ್ಕೆ ಬಿಟ್ಟವರು’. ನನಗೆ ಆ ಮಾತು ತೀರಾ ಕಠಿಣ ಅನ್ನಿಸುತ್ತದೆ. ‘ಯಾಕಮ್ಮ ಈ ವಾರ ಬರಲಿಲ್ಲ?’ ಎಂದು ಫೋನ್ ಮಾಡಿದರೆ ಆ ಅಮ್ಮ ನಿಜ ಹೇಳುವುದು ಪರಿಚಯದ ಸಿಸ್ಟರಿಗೆ.

ಇದನ್ನೆಲ್ಲ ನೋಡಿಯೇ ಮಕ್ಕಳ ಕ್ಯಾನ್ಸರ್ ತಜ್ಞರ ಅಂತರರಾಷ್ಟ್ರೀಯ ಸಂಘದ ನರ್ಸ್‌ಗಳ ಗುಂಪು 2014ರಲ್ಲಿ ನಮ್ಮಂಥ ದೇಶಗಳಿಗಾಗಿ ಕನಿಷ್ಠ ಮಾನದಂಡಗಳನ್ನು ಪ್ರಕಟಿಸಿತು. ವಾರ್ಡಿನಲ್ಲಿ ಐದು ಮಕ್ಕಳಿಗೆ ಒಬ್ಬ ನರ್ಸ್, ತೀವ್ರ ನಿಗಾ ಘಟಕದಲ್ಲಿ ಇಬ್ಬರಿಗೆ ಒಬ್ಬರು, ಸೇರುವಾಗಲೇ ವಿಶೇಷ ತರಬೇತಿ, ಪಳಗಿದವರನ್ನು ಬೇರೆ ವಿಭಾಗಕ್ಕೆ ಕಳಿಸಬಾರದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ, 2030ರ ವೇಳೆಗೆ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 60ರಷ್ಟಾದರೂ ಉಳಿಯಬೇಕೆಂಬ ಗುರಿ ಇಟ್ಟಿತು. ಗುರಿಯ ಬಗ್ಗೆ ಮಾತಾಡುವಾಗ ಔಷಧಿ, ಯಂತ್ರ, ಕಟ್ಟಡಗಳು ಬೇಗ ನೆನಪಾಗುತ್ತವೆ, ಡ್ಯೂಟಿ ಪಟ್ಟಿ ನೆನಪಾಗುವುದಿಲ್ಲ. ಆ ಪಟ್ಟಿ ಬರೆಯುವಾಗ ಒಂದು ಮಗುವಿನ ಚಿಕಿತ್ಸೆಯಷ್ಟು ಕಾಲವಾದರೂ ನರ್ಸನ್ನು ಅಲ್ಲೇ ಬಿಟ್ಟರೆ, ಮೊದಲ ಸೂಜಿ ಹಾಕಿದ ಸಿಸ್ಟರೇ ಕೊನೆಯದನ್ನೂ ಹಾಕಬಹುದು.