ಮೂರನೇ ಎರಡರಷ್ಟು ಬಹುಮತ: ಯಾರ ಮೂರನೇ ಎರಡು?

ಹಂಗೇರಿಯಲ್ಲಿ ಸಂವಿಧಾನ ತಿದ್ದಿದ ಸುದ್ದಿ ಬಂದಾಗಲೆಲ್ಲ ಅದರ ಕೆಳಗಿನ ಕಾಮೆಂಟ್‌ಗಳಲ್ಲಿ ಒಂದೇ ಮಾತು ಕಾಣುತ್ತದೆ. "ಮೂರನೇ ಎರಡರಷ್ಟು ಜನ ಒಪ್ಪಿದ್ದಾರೆ, ಇನ್ನೇನು ತಕರಾರು?" ಒಪ್ಪಿದ್ದು ಸಂಸತ್ತಿನ ಸದಸ್ಯರು, ಜನರಲ್ಲ. ಇದನ್ನು ಎಷ್ಟು ಸಲ ಹೇಳಿದರೂ ತಪ್ಪು ನಿಲ್ಲುತ್ತಿಲ್ಲ. ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಲೆಕ್ಕ ನೋಡಿ. 2010ರ ಏಪ್ರಿಲ್ ಚುನಾವಣೆಯಲ್ಲಿ ವಿಕ್ಟರ್ ಓರ್ಬಾನ್ ಅವರ ಫಿದೆಸ್ ಪಕ್ಷ ಮತ್ತು ಅದರ ಮಿತ್ರಪಕ್ಷಕ್ಕೆ ಬಿದ್ದ ಪಟ್ಟಿ ಮತ (ಅಭ್ಯರ್ಥಿಗಲ್ಲ, ಪಕ್ಷದ ಪಟ್ಟಿಗೆ ಹಾಕುವ ಮತ) ಸುಮಾರು ಶೇ 53. ಸಿಕ್ಕ ಸೀಟು 386ರಲ್ಲಿ 263, ಅಂದರೆ ಶೇ 68. ನೇರ ಗೆಲುವಿನ 176 ಕ್ಷೇತ್ರಗಳಲ್ಲಿ 173 ಅವರ ಪಾಲಾದವು. ಸೀಟು ಉಬ್ಬಿದ್ದು ಅಲ್ಲಿ. ಆಮೇಲೆ ಅವರು ಚುನಾವಣಾ ಕಾನೂನನ್ನೇ ಬದಲಿಸಿದರು. ಸೀಟುಗಳನ್ನು 199ಕ್ಕೆ ಇಳಿಸಿದರು, ಕ್ಷೇತ್ರಗಳ ಗಡಿ ಹೊಸದಾಗಿ ಎಳೆದರು. ಗೆದ್ದ ಅಭ್ಯರ್ಥಿಯ ಹೆಚ್ಚುವರಿ ಮತಗಳೂ ಪಕ್ಷದ ಪಟ್ಟಿಗೆ ಸೇರುವಂತೆ ಮಾಡಿದರು. 2014ರಲ್ಲಿ ಮತ ಶೇ 45ಕ್ಕೆ ಕುಸಿಯಿತು. ಸೀಟು? 133. ಸಂವಿಧಾನ ತಿದ್ದಲು ಬೇಕಿದ್ದದ್ದೂ ಸರಿಯಾಗಿ 133. ಅರ್ಧದಷ್ಟು ಮತದಾರರೂ ಬೆಂಬಲಿಸದ ಪಕ್ಷ ಒಂಟಿಯಾಗಿ ಸಂವಿಧಾನ ತಿದ್ದುವ ಸ್ಥಿತಿ ಬಂತು. ಇದನ್ನು "ಜನರ ಮೂರನೇ ಎರಡು" ಅನ್ನುವುದು ಸುಳ್ಳು ಅಲ್ವಾ?

ಇನ್ನೊಂದು ಗೊಂದಲವೂ ಇದೆ. ಸಂವಿಧಾನ ತಿದ್ದುವ ಬಗೆ ಹೇಳುವ ನಮ್ಮ 368ನೇ ವಿಧಿಯ ಮೂರನೇ ಎರಡು ಬೇರೆ. ಅಲ್ಲಿ ಹಾಜರಿದ್ದು ಮತ ಹಾಕಿದವರನ್ನು ಎಣಿಸುತ್ತಾರೆ. ಜೊತೆಗೆ ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಒಪ್ಪಿಗೆ ಬೇಕು. ಎರಡೂ ಸದನಗಳಲ್ಲಿ ಹೀಗೆ ಗೆಲ್ಲಬೇಕು. ಹಂಗೇರಿಯಲ್ಲಿರುವುದು ಒಂದೇ ಸದನ. ಅಲ್ಲಿ ಎಣಿಸುವುದು ಒಟ್ಟು ಸದಸ್ಯರನ್ನು. ಎಣಿಕೆ ನಮ್ಮದಕ್ಕಿಂತ ಬಿಗಿ. ಆದರೆ ಆ ಒಂದು ಸದನ ಕೈಗೆ ಬಂದರೆ ತಡೆಯಲು ಇನ್ನೊಂದು ಸದನವಿಲ್ಲ.

ಇಷ್ಟು ಎತ್ತರದ ಮಿತಿ ಇಟ್ಟಿರುವುದು ಗೆದ್ದವರು ಸೋತವರ ಜೊತೆ ಕೂತು ಮಾತಾಡಲಿ ಎಂದು. ಒಂದೇ ಪಕ್ಷ ಆ ಮಿತಿ ದಾಟಿದರೆ ಮಾತಾಡುವ ಅಗತ್ಯವೇ ಉಳಿಯುವುದಿಲ್ಲ. ಹಂಗೇರಿಯಲ್ಲಿ ಇದಕ್ಕೂ ಒಂದು ಕಾವಲು ಇತ್ತು. ಹೊಸ ಸಂವಿಧಾನವನ್ನು ಯಾವ ರೀತಿಯಲ್ಲಿ ಬರೆಯಬೇಕು ಎಂದು ತೀರ್ಮಾನಿಸಲು ಐದನೇ ನಾಲ್ಕರಷ್ಟು ಒಪ್ಪಿಗೆ ಬೇಕು ಎಂಬ ನಿಯಮವನ್ನು 1995ರಲ್ಲಿ ಸೇರಿಸಿದ್ದರು. ಓರ್ಬಾನ್ ಸರ್ಕಾರ 2010ರಲ್ಲಿ ಆ ನಿಯಮವನ್ನು ಮೂರನೇ ಎರಡರಷ್ಟು ಮತದಿಂದ ತೆಗೆದುಹಾಕಿತು. ಬೀಗ ಗಟ್ಟಿಯಾಗಿತ್ತು, ಬೀಗದ ಚಿಲಕ ಮಾತ್ರ ಸಡಿಲವಾಗಿತ್ತು.

ಮುಂದಿನದು ಬರೀ ಅವಸರ. ಹೊಸ ಸಂವಿಧಾನದ ಕರಡು ಸಂಸತ್ತಿಗೆ ಬಂದದ್ದು 2011ರ ಮಾರ್ಚ್ 14ಕ್ಕೆ. ಏಪ್ರಿಲ್ 18ಕ್ಕೆ 262 ಮತಗಳಿಂದ ಅಂಗೀಕಾರವಾಯಿತು. ಒಂದು ದೇಶದ ಮೂಲ ಕಾನೂನಿಗೆ ಐದು ವಾರ! ಸಮಾಜವಾದಿಗಳು ಮತ್ತು ಹಸಿರು ಪಕ್ಷದವರು ಮತದಾನದಿಂದ ಹೊರಗುಳಿದರು. ಜನಮತಗಣನೆ ನಡೆಯಲಿಲ್ಲ. 2013ರ ನಾಲ್ಕನೇ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಾಂವಿಧಾನಿಕ ನ್ಯಾಯಾಲಯ ರದ್ದು ಮಾಡಿದ್ದ ಹಲವು ವಿಷಯಗಳನ್ನು ಸಂವಿಧಾನದೊಳಗೇ ಸೇರಿಸಿದರು. ತಿದ್ದುಪಡಿಯ ವಿಧಾನ ಸರಿಯಿದೆಯೇ ಎಂದಷ್ಟೇ ನ್ಯಾಯಾಲಯ ನೋಡಬಹುದು, ಒಳಗೇನಿದೆ ಎಂದು ಕೇಳುವಂತಿಲ್ಲ ಎಂದೂ ಬರೆದರು. ನಮ್ಮಲ್ಲಿ ಇದು ನಡೆಯದಿರಲು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆ ಕಾರಣ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಆ ಮೊಕದ್ದಮೆಯಲ್ಲಿ, 1973ರಲ್ಲಿ.

ಹಂಗೇರಿಯ ಆ ಹೊಸ ಸಂವಿಧಾನ ಜಾರಿಗೆ ಬಂದದ್ದು 2012ರ ಜನವರಿ 1ಕ್ಕೆ. 2025ರ ಏಪ್ರಿಲ್ ಹೊತ್ತಿಗೆ ಅದಕ್ಕೆ 15ನೇ ತಿದ್ದುಪಡಿ ಬಿದ್ದಿತ್ತು.

ಅವಸರ ಓರ್ಬಾನ್ ಒಬ್ಬರ ಸ್ವತ್ತೇನೂ ಅಲ್ಲ. ಸಾಲದ ಬಿಕ್ಕಟ್ಟಿನಲ್ಲಿದ್ದ ಸ್ಪೇನ್ 2011ರಲ್ಲಿ ಸರ್ಕಾರದ ಸಾಲಕ್ಕೆ ಸಂಬಂಧಿಸಿದ ತನ್ನ ಸಂವಿಧಾನದ 135ನೇ ವಿಧಿಯನ್ನು ಕೆಲವೇ ವಾರಗಳಲ್ಲಿ ತಿದ್ದಿತು. ಜರ್ಮನಿಯದ್ದು ಇನ್ನೂ ವಿಚಿತ್ರ. 2025ರ ಫೆಬ್ರವರಿ 23ಕ್ಕೆ ಚುನಾವಣೆ ಮುಗಿದಿತ್ತು. ಹೊಸ ಸದನದಲ್ಲಿ ತೀವ್ರ ಬಲಪಂಥದ ಎಎಫ್‌ಡಿ ಪಕ್ಷ ಮತ್ತು ಎಡಪಕ್ಷದ ಬಲ ಕೂಡಿಸಿದರೆ ಮೂರನೇ ಒಂದಕ್ಕಿಂತ ಜಾಸ್ತಿ. ಸರ್ಕಾರದ ಸಾಲಕ್ಕೆ ಇದ್ದ ಮಿತಿಯನ್ನು ಸಡಿಲಿಸಲು ಅವರು ಬಿಡುವುದಿಲ್ಲ ಎಂದು ಹೆದರಿ, ಹೊಸ ಸರ್ಕಾರ ರಚಿಸಲು ಹೊರಟಿದ್ದ ಪಕ್ಷಗಳು ಮಾರ್ಚ್ 18ಕ್ಕೆ ಹಳೆಯ ಸದನವನ್ನೇ ಕರೆಸಿ ತಿದ್ದುಪಡಿ ಪಾಸು ಮಾಡಿಸಿದವು. ನಿಯಮ ಮುರಿದಿಲ್ಲ, ನ್ಯಾಯಾಲಯವೂ ತಡೆಯಲಿಲ್ಲ. ಆದರೂ ಮತದಾರರು ಆಗಲೇ ಬದಲಿಸಿದ್ದ ಸದನದಿಂದ ಸಂವಿಧಾನ ತಿದ್ದಿಸಿದ್ದು ನನಗೆ ಸರಿ ಕಾಣುವುದಿಲ್ಲ. ಆದರೆ ಇದನ್ನೂ ಹಂಗೇರಿಯನ್ನೂ ಒಂದೇ ತಕ್ಕಡಿಗೆ ಹಾಕುವವರ ಮಾತು ಸುಮ್ನೆ ಒಪ್ಪಲಾಗದು. ಜರ್ಮನಿಯಲ್ಲಿ ಯಾವ ಪಕ್ಷಕ್ಕೂ ಒಂಟಿಯಾಗಿ ಆ ಬಲ ಇರಲಿಲ್ಲ. ಹಸಿರು ಪಕ್ಷ ಹವಾಮಾನದ ಕೆಲಸಕ್ಕೆ 10,000 ಕೋಟಿ ಯೂರೋ ಕೇಳಿ ಪಡೆದ ಮೇಲೆಯೇ ಪರವಾಗಿ ಮತ ಹಾಕಿತು. ಮೂರನೇ ಎರಡು ಮಾಡಬೇಕಾದ ಕೆಲಸ ಈ ಚೌಕಾಸಿಯೇ.

ಸಂಖ್ಯೆಯ ಬದಲು ಸಮಯವನ್ನು ಕಾವಲಿಗಿಟ್ಟ ದೇಶಗಳೂ ಇವೆ. ನನಗೆ ಆ ದಾರಿಯೇ ಹೆಚ್ಚು ಇಷ್ಟ. ಸ್ವೀಡನ್‌ನಲ್ಲಿ ಸಾಮಾನ್ಯ ಬಹುಮತ ಸಾಕು. ಆದರೆ ಎರಡು ಸಲ ಗೆಲ್ಲಬೇಕು, ಎರಡರ ನಡುವೆ ಒಂದು ಚುನಾವಣೆ ಆಗಿರಬೇಕು. 2022ರಲ್ಲಿ ಭಯೋತ್ಪಾದಕ ಸಂಘಟನೆಗಳ ವಿರುದ್ಧದ ಕಾನೂನು ಬಿಗಿ ಮಾಡಲು ಸ್ವೀಡನ್ ಸಂವಿಧಾನ ತಿದ್ದಿತು. ನ್ಯಾಟೊ ಸೇರುವ ಹೊತ್ತು ಅದು, ಟರ್ಕಿಯ ಒತ್ತಡ ಬೇರೆ. ಆದರೂ ಸೆಪ್ಟೆಂಬರ್ ಚುನಾವಣೆ ಮುಗಿಯುವ ತನಕ ಕಾದರು. ಎರಡನೇ ಮತದಾನ ನಡೆದದ್ದು ನವೆಂಬರ್‌ನಲ್ಲಿ. ಅಷ್ಟರಲ್ಲಿ ಅಲ್ಲಿ ಸರ್ಕಾರವೇ ಬದಲಾಗಿತ್ತು.